ಡಿಸೆಂಬರ್ 30 ಯಾವ ವರ್ಷದ ವಾರ? ಬಟವಾಡೆ ಲೆಕ್ಕ ತಪ್ಪದಂತೆ ವಾರದ ನಂಬರ್ ಹಾಕುವ ಬಗೆ

2025ರ ಜನವರಿ 4, ಶನಿವಾರ ಸಂಜೆ. ಬಳ್ಳಾರಿಯಲ್ಲಿ ನಾನು ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಬಟವಾಡೆ ನಡೆಯುತ್ತಿತ್ತು. ದಾರ ಕತ್ತರಿಸುವ ಕೆಲಸದ ಅಕ್ಕ ಒಬ್ಬರು ಚೀಟಿ ತಂದು ಮೇಜಿನ ಮೇಲಿಟ್ಟರು. "ಅಣ್ಣಾ, ಆರು ದಿನ ಬಂದೀನಿ. ಇದ್ರಾಗ ನಾಕು ದಿನದ ರೊಕ್ಕ ಐತೆ ನೋಡು." ಹಾಜರಿ ಪುಸ್ತಕ ತೆಗೆದರೆ ಆರೂ ದಿನ ಸಹಿ ಇತ್ತು. ಕಂಪ್ಯೂಟರಿನಲ್ಲೂ ಆರೂ ದಿನದ ಹಾಜರಿ ಇತ್ತು. ಚೀಟಿಯಲ್ಲಿ ಮಾತ್ರ ನಾಲ್ಕು. ಅವರೊಬ್ಬರದ್ದಲ್ಲ, ಹಿಂದೆ ಸಾಲಿನಲ್ಲಿ ನಿಂತವರದ್ದೆಲ್ಲ ಹಾಗೇ ಇತ್ತು.

ಸೋಮವಾರ ಮತ್ತು ಮಂಗಳವಾರ ಕಾಣೆಯಾಗಿದ್ದವು. ಅವತ್ತು ಕೈಲೆಕ್ಕ ಮಾಡಿ ಎಲ್ಲರಿಗೂ ಪೂರ್ತಿ ಹಣ ಕೊಟ್ಟು ಕಳಿಸಿ, ರಾತ್ರಿ ಕೂತು ಹುಡುಕಿದೆ. ಆ ಎರಡು ದಿನ ಸಿಕ್ಕಿದ್ದು 2024ರ ಜನವರಿ ಮೊದಲ ವಾರದಲ್ಲಿ, ಅಂದರೆ ಒಂದು ವರ್ಷ ಹಿಂದಿನ ಲೆಕ್ಕದಲ್ಲಿ. ಆಗಲೇ ಬಟವಾಡೆ ಮುಗಿದು ಮುಚ್ಚಿದ ವಾರ ಅದು.

ಕಾರಣ ಇಷ್ಟೇ. ನಮ್ಮ ಪ್ರೋಗ್ರಾಂ ಪ್ರತಿ ದಿನದ ಹಾಜರಿಗೆ "ವರ್ಷ-ವಾರದ ನಂಬರ್" ಅಂತ ಒಂದು ಗುರುತು ಹಾಕುತ್ತಿತ್ತು. 2024ರ ಡಿಸೆಂಬರ್ 30ಕ್ಕೆ ವಾರದ ನಂಬರ್ ಕೇಳಿದರೆ 1 ಅಂತ ಬಂತು, ಅದು ಸರಿಯೇ. ತಾರೀಖಿನಿಂದ ವರ್ಷ ತೆಗೆದರೆ 2024 ಅಂತ ಬಂತು, ಅದೂ ಸರಿಯೇ. ಎರಡನ್ನೂ ಜೋಡಿಸಿ "2024-01" ಅಂತ ಬರೆದಾಗ ತಪ್ಪಾಯಿತು. ಆ ಸೋಮವಾರ ಸೇರಬೇಕಾದದ್ದು "2025-01"ಕ್ಕೆ.

ವಾರದ ನಂಬರ್ ಇಟ್ಟುಕೊಂಡು ಕೂಲಿ, ಸರಕು, ಸರದಿ ಏನೇ ಲೆಕ್ಕ ಮಾಡುವವರಿಗೂ ಈ ಬರಹ ಉಪಯೋಗವಾಗುತ್ತದೆ ಅಂತ ನಂಬಿದ್ದೇನೆ. ವರ್ಷಕ್ಕೆ ಒಂದೆರಡು ದಿನ ಮಾತ್ರ ತಪ್ಪಾಗುವ ಲೆಕ್ಕ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಬಟವಾಡೆಯ ಸಾಲಿನಲ್ಲೇ ಸಿಗುತ್ತದೆ.

ಮೊದಲು, ನಿಮ್ಮ ವಾರ ಯಾವುದು ಅಂತ ತೀರ್ಮಾನ ಮಾಡಿ

ನಮ್ಮ ಭಾಷೆಯಲ್ಲಿ ವಾರ ಅನ್ನುವ ಮಾತಿಗೇ ಎರಡು ಅರ್ಥ ಇದೆ. "ಇವತ್ತು ಯಾವ ವಾರ?" ಅಂದರೆ ಸೋಮವಾರವೋ ಮಂಗಳವಾರವೋ ಅಂತ. "ಒಂದು ವಾರ ರಜೆ" ಅಂದರೆ ಏಳು ದಿನ. ಅದರ ಮೇಲೆ "ಎಂಟು ದಿನ ಬಿಟ್ಟು ಬಾ" ಅಂತ ಬೇರೆ ಹೇಳುತ್ತೇವೆ, ಅಂದರೆ ಇವತ್ತಿನದ್ದನ್ನೂ ಸೇರಿಸಿ ಎಣಿಸಿ ಬರುವ ವಾರ ಇದೇ ದಿನ ಬಾ ಅಂತ. ಕೇಳುವವರಿಗೆ ಇದರಲ್ಲಿ ಗೊಂದಲ ಇಲ್ಲ. ಕಂಪ್ಯೂಟರಿಗೆ ಮಾತ್ರ ಬಿಡಿಸಿ ಹೇಳಬೇಕು.

ಹೇಳಬೇಕಾದದ್ದು ಎರಡೇ ಸಂಗತಿ. ವಾರ ಯಾವ ದಿನ ಶುರುವಾಗುತ್ತದೆ? ವರ್ಷದ ಮೊದಲನೇ ವಾರ ಅಂತ ಯಾವುದನ್ನು ಕರೆಯುತ್ತೀರಿ?

ಗೋಡೆಯ ಕ್ಯಾಲೆಂಡರ್ ನೋಡಿ, ಭಾನುವಾರದಿಂದ ಶುರು. ಫೋನಿನಲ್ಲಿ ಪ್ರದೇಶ ಭಾರತ ಅಂತ ಇಟ್ಟರೂ ಸಾಮಾನ್ಯವಾಗಿ ಭಾನುವಾರವೇ ಮೊದಲು. ಅಮೆರಿಕದಲ್ಲೂ ಹಾಗೇ, ಅಲ್ಲಿ ಜನವರಿ 1 ಯಾವ ವಾರದಲ್ಲಿ ಬೀಳುತ್ತದೋ ಅದೇ ಒಂದನೇ ವಾರ, ಆ ವಾರದಲ್ಲಿ ಹೊಸ ವರ್ಷದ್ದು ಒಂದೇ ದಿನ ಇದ್ದರೂ ಸರಿ. ಅರಬ್ ದೇಶಗಳಲ್ಲಿ ಹಲವು ಕಡೆ ಶನಿವಾರದಿಂದ ಎಣಿಸುತ್ತಾರೆ. ಯುರೋಪಿನಲ್ಲಿ ಹೆಚ್ಚಿನ ಕಡೆ ಸೋಮವಾರದಿಂದ. ಅಲ್ಲಿನ ವ್ಯಾಪಾರದಲ್ಲಿ ತಾರೀಖಿನ ಬದಲು "38ನೇ ವಾರಕ್ಕೆ ಮಾಲು ಕೊಡಿ" ಅಂತ ಹೇಳುವುದು ಮಾಮೂಲು. ಹಾಗಾಗಿ ಹೊರದೇಶದ ಆರ್ಡರ್ ಹಿಡಿಯುವವರಿಗೆ ಈ ನಂಬರ್ ಗೊತ್ತಿರಲೇಬೇಕು.

ದೇಶದೇಶಗಳ ನಡುವೆ ಗೊಂದಲ ಆಗದಿರಲಿ ಅಂತ ಮಾಡಿದ ಒಂದು ಕ್ರಮ ಇದೆ, ಐಎಸ್‌ಒ 8601 (ಐಎಸ್‌ಒ ಅಂದರೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ). ಅದು ಮೊದಲು ಪ್ರಕಟವಾದದ್ದು 1988ರಲ್ಲಿ. ಅದರ ಪ್ರಕಾರ ವಾರ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿ ಇರುತ್ತದೋ ಅದು ಒಂದನೇ ವಾರ.

ಗುರುವಾರವೇ ಯಾಕೆ? ಸೋಮವಾರದಿಂದ ಎಣಿಸಿದರೆ ಏಳು ದಿನಗಳ ನಟ್ಟನಡುವಿನ ದಿನ ಅದು. ಗುರುವಾರ ಹೊಸ ವರ್ಷಕ್ಕೆ ಸೇರಿದರೆ ಆ ವಾರದ ನಾಲ್ಕು ದಿನವಾದರೂ ಹೊಸ ವರ್ಷದಲ್ಲಿ ಇದ್ದೇ ಇರುತ್ತವೆ. ಅರ್ಧಕ್ಕಿಂತ ಜಾಸ್ತಿ ದಿನ ಯಾವ ವರ್ಷದಲ್ಲಿ ಇವೆಯೋ ವಾರ ಆ ವರ್ಷದ್ದು, ಇದು ನ್ಯಾಯವಾಗಿಯೇ ಇದೆ ಅಲ್ವಾ? ನಾನು ಘಟಕದ ಹುಡುಗರಿಗೆ ಹೇಳಿಕೊಡುವಾಗ ಒಂದೇ ಮಾತು ಹೇಳುತ್ತೇನೆ: ಬೇಸ್ತವಾರ ಯಾವ ವರ್ಷದ್ದೋ ವಾರವೂ ಆ ವರ್ಷದ್ದು.

ನನ್ನ ಸಲಹೆ ಕೇಳಿದರೆ, ಬೇರೆ ಕ್ರಮ ಇಟ್ಟುಕೊಳ್ಳಲು ಗಟ್ಟಿ ಕಾರಣ ಇಲ್ಲದಿದ್ದರೆ ಐಎಸ್‌ಒ ಕ್ರಮವನ್ನೇ ಹಿಡಿಯಿರಿ. ಸೋಮವಾರದಿಂದ ಶನಿವಾರ ಕೆಲಸ ಮಾಡಿ ಭಾನುವಾರ ರಜೆ ಇರುವ ಕಡೆ ಅದು ಸರಿಯಾಗಿ ಕೂರುತ್ತದೆ, ದುಡಿದ ಆರು ದಿನ ಮತ್ತು ರಜೆ ಒಂದೇ ವಾರದಲ್ಲಿ ಬರುತ್ತವೆ. ನಿಮ್ಮಲ್ಲಿ ಶುಕ್ರವಾರ ರಜೆ ಇದ್ದು ಶನಿವಾರದಿಂದ ಲೆಕ್ಕ ಶುರುವಾಗುತ್ತಿದ್ದರೆ ಬಲವಂತವಾಗಿ ಇದನ್ನು ತರಬೇಡಿ. ಜನ ದುಡಿಯುವ ವಾರಕ್ಕೆ ಲೆಕ್ಕ ಹೊಂದಬೇಕು, ಲೆಕ್ಕಕ್ಕೆ ಜನ ಹೊಂದುವುದಲ್ಲ.

ಕೈಯಲ್ಲಿ ಲೆಕ್ಕ ಹಾಕಿ ನೋಡಿ

ರೆಡಿ ಫಂಕ್ಷನ್ ಇದ್ದರೂ ಒಂದು ಸಲ ಪೆನ್ನು ಹಿಡಿದು ಮಾಡಿ. ಆಮೇಲೆ ಯಾವ ಸಾಫ್ಟ್‌ವೇರ್ ತಪ್ಪು ಉತ್ತರ ಕೊಟ್ಟರೂ ನಿಮಗೆ ತಕ್ಷಣ ಗೊತ್ತಾಗುತ್ತದೆ.

ಸೋಮವಾರ 1, ಮಂಗಳವಾರ 2, ಹೀಗೆ ಭಾನುವಾರ 7 ಅಂತ ಎಣಿಸಿ. ನಿಮ್ಮ ತಾರೀಖು ಯಾವ ದಿನವೋ ಆ ಸಂಖ್ಯೆಯನ್ನು 4ರಿಂದ ಕಳೆಯಿರಿ. ಬಂದಷ್ಟು ದಿನ ತಾರೀಖಿಗೆ ಕೂಡಿಸಿ, ಅದೇ ಆ ವಾರದ ಗುರುವಾರ. ಆ ಗುರುವಾರ ವರ್ಷದ ಎಷ್ಟನೇ ದಿನ ಅಂತ ನೋಡಿ, ಅದರಲ್ಲಿ 1 ಕಳೆದು, 7ರಿಂದ ಭಾಗಿಸಿ, ಶೇಷ ಬಿಟ್ಟು, 1 ಕೂಡಿಸಿ. ಅಷ್ಟೇ ವಾರದ ನಂಬರ್. ವರ್ಷ ಮಾತ್ರ ಗುರುವಾರದ ತಾರೀಖಿನಿಂದ ತೆಗೆದುಕೊಳ್ಳಬೇಕು, ನಿಮ್ಮ ತಾರೀಖಿನಿಂದ ಅಲ್ಲ.

2024ರ ಡಿಸೆಂಬರ್ 31 ತೆಗೆದುಕೊಳ್ಳಿ. ಮಂಗಳವಾರ, ಅಂದರೆ 2. ನಾಲ್ಕರಲ್ಲಿ ಎರಡು ಹೋದರೆ ಎರಡು. ಎರಡು ದಿನ ಮುಂದೆ ಹೋದರೆ 2025ರ ಜನವರಿ 2, ಗುರುವಾರ. ಅದು ವರ್ಷದ 2ನೇ ದಿನ. ಒಂದು ಕಳೆದರೆ 1, ಏಳರಿಂದ ಭಾಗಿಸಿದರೆ ಸೊನ್ನೆ, ಒಂದು ಕೂಡಿಸಿದರೆ 1. ವರ್ಷ 2025. ಉತ್ತರ: 2025ರ 1ನೇ ವಾರ.

ಈಗ ಉಲ್ಟಾ ಕಡೆಯಿಂದ, 2027ರ ಜನವರಿ 3. ಭಾನುವಾರ, 7. ನಾಲ್ಕರಲ್ಲಿ ಏಳು ಹೋದರೆ ಮೈನಸ್ 3. ಮೂರು ದಿನ ಹಿಂದೆ ಹೋದರೆ 2026ರ ಡಿಸೆಂಬರ್ 31, ಗುರುವಾರ, ವರ್ಷದ 365ನೇ ದಿನ. 364 ಭಾಗಿಸು 7 ಅಂದರೆ 52. ಒಂದು ಕೂಡಿಸಿದರೆ 53. ಹೊಸ ವರ್ಷ ಬಂದು ಮೂರು ದಿನವಾದರೂ ಅದು 2026ರ 53ನೇ ವಾರ.

ವರ್ಷದ ನಡುವೆ ಯಾವ ತೊಡಕೂ ಇಲ್ಲ. ಕಲ್ಯಾಣ ಕರ್ನಾಟಕ ಉತ್ಸವದ ದಿನ, 2026ರ ಸೆಪ್ಟೆಂಬರ್ 17, ಗುರುವಾರವೇ ಬೀಳುತ್ತದೆ. 260ನೇ ದಿನ. 259ನ್ನು 7ರಿಂದ ಭಾಗಿಸಿದರೆ 37, ಒಂದು ಸೇರಿಸಿ 38ನೇ ವಾರ.

ಎರಡು ಗುರುತು ನೆನಪಿಟ್ಟುಕೊಂಡರೆ ಸಾಕು. ಜನವರಿ 4 ಯಾವಾಗಲೂ ಒಂದನೇ ವಾರದಲ್ಲೇ ಇರುತ್ತದೆ. ಡಿಸೆಂಬರ್ 28 ಯಾವಾಗಲೂ ಕೊನೆಯ ವಾರದಲ್ಲೇ ಇರುತ್ತದೆ. ಹಾಗಾಗಿ ಒಂದು ವರ್ಷದಲ್ಲಿ 52 ವಾರವೋ 53 ವಾರವೋ ಅಂತ ತಿಳಿಯಬೇಕಾದರೆ ಆ ವರ್ಷದ ಡಿಸೆಂಬರ್ 28ರ ವಾರದ ನಂಬರ್ ಕೇಳಿದರೆ ಆಯಿತು.

ಯಾವ ಸಾಧನದಲ್ಲಿ ಏನು ಬರೆಯಬೇಕು

ಎಕ್ಸೆಲ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಕಡೆ ಅರ್ಧಕ್ಕರ್ಧ ಲೆಕ್ಕ ಅದರಲ್ಲೇ ನಡೆಯುತ್ತದೆ. ಅದರಲ್ಲಿ ವೀಕ್‌ನಮ್ ಅನ್ನುವ ಫಂಕ್ಷನ್ ಇದೆ. ಸುಮ್ನೆ ತಾರೀಖು ಕೊಟ್ಟರೆ ಅದು ಅಮೆರಿಕದ ಕ್ರಮದಲ್ಲಿ ಎಣಿಸುತ್ತದೆ, ಭಾನುವಾರದಿಂದ, ಜನವರಿ 1 ಇರುವ ವಾರವೇ ಒಂದು ಅಂತ. ತಾರೀಖಿನ ಜೊತೆ ಎರಡನೇ ಮೌಲ್ಯವಾಗಿ 21 ಕೊಟ್ಟರೆ ಐಎಸ್‌ಒ ನಂಬರ್ ಬರುತ್ತದೆ. 2013ರ ಆವೃತ್ತಿಯಿಂದ ಐಸೊವೀಕ್‌ನಮ್ ಅಂತ ಪ್ರತ್ಯೇಕ ಫಂಕ್ಷನ್ನೇ ಇದೆ. ಗೂಗಲ್ ಶೀಟ್ಸ್‌ನಲ್ಲೂ ಇವೆರಡೂ ಇವೆ.

ಇಲ್ಲಿ ಸ್ವಲ್ಪ ನಿಲ್ಲಿ, ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. 2023ರಿಂದ 2026ರವರೆಗೆ ಸೋಮವಾರದಿಂದ ಶನಿವಾರದ ದಿನಗಳಿಗೆ ಈ ಎರಡು ಫಂಕ್ಷನ್ ಒಂದೇ ನಂಬರ್ ಕೊಡುತ್ತವೆ, ವರ್ಷದ ಕೊನೆಯ ಎರಡು ಮೂರು ದಿನ ಬಿಟ್ಟರೆ. ಭಾನುವಾರ ಮಾತ್ರ ಬೇರೆ, ಅವತ್ತು ಘಟಕಕ್ಕೆ ರಜೆ, ಯಾರೂ ನೋಡುವುದಿಲ್ಲ. ನಾಲ್ಕು ವರ್ಷ ಸರಿಯಾಗಿ ನಡೆದ ಶೀಟ್ ಅಂತ ಎಲ್ಲರೂ ನಂಬಿರುತ್ತಾರೆ. 2027ರ ಜನವರಿ 1 ಶುಕ್ರವಾರ ಬೀಳುತ್ತದೆ. ವೀಕ್‌ನಮ್ ಪ್ರಕಾರ ಆ ಶುಕ್ರವಾರ, ಶನಿವಾರಕ್ಕೇ ಒಂದನೇ ವಾರ ಮುಗಿದು ಹೋಗುತ್ತದೆ. ಜನವರಿ 4ರ ಸೋಮವಾರಕ್ಕೆ ಅದು 2 ಅನ್ನುತ್ತದೆ, ಐಎಸ್‌ಒ 1 ಅನ್ನುತ್ತದೆ. ಅಲ್ಲಿಂದ ವರ್ಷವಿಡೀ ಕೆಲಸದ ಪ್ರತಿ ದಿನವೂ ಒಂದು ಅಂಕಿ ವ್ಯತ್ಯಾಸ. ನೀವು ವೀಕ್‌ನಮ್ ಬಳಸಿ, ನಿಮ್ಮಿಂದ ಬಟ್ಟೆ ಕೊಳ್ಳುವವರು ಐಎಸ್‌ಒ ಬಳಸಿದರೆ, 2027ರಲ್ಲಿ ಅವರು "38ನೇ ವಾರ" ಅಂದಾಗ ನೀವು ಒಂದು ವಾರ ಮುಂಚೆಯೇ ಲಾರಿ ತುಂಬಿಸಿರುತ್ತೀರಿ. ಈಗಲೇ ಶೀಟ್ ತೆಗೆದು ಯಾವ ಫಂಕ್ಷನ್ ಇದೆ ಅಂತ ನೋಡಿಬಿಡಿ.

ಐಸೊವೀಕ್‌ನಮ್ ವಾರದ ನಂಬರ್ ಮಾತ್ರ ಕೊಡುತ್ತದೆ, ವಾರದ ವರ್ಷ, ಅಂದರೆ ಆ ವಾರ ಯಾವ ವರ್ಷಕ್ಕೆ ಸೇರಿದ್ದು ಅನ್ನುವುದನ್ನು ಕೊಡುವುದಿಲ್ಲ. ಅದಕ್ಕೆ ಮೇಲೆ ಹೇಳಿದ ಗುರುವಾರದ ದಾರಿಯೇ ಗತಿ: ತಾರೀಖಿನಿಂದ ಅದರ ವೀಕ್‌ಡೇ ಸಂಖ್ಯೆ ಕಳೆದು (ಎರಡನೇ ಮೌಲ್ಯ 2 ಕೊಡಿ, ಸೋಮವಾರ 1 ಆಗುತ್ತದೆ), 4 ಕೂಡಿಸಿ, ಅದರ ವರ್ಷ ತೆಗೆಯಿರಿ.

ಇನ್ನು ಪ್ರೋಗ್ರಾಂ ಬರೆಯುವ ಭಾಷೆಗಳು. ಪೈಥಾನ್‌ನಲ್ಲಿ ಐಸೊಕ್ಯಾಲೆಂಡರ್ ಅಂತ ಕೇಳಿದರೆ ವಾರದ ವರ್ಷ, ವಾರದ ನಂಬರ್, ದಿನದ ನಂಬರ್ ಮೂರೂ ಒಟ್ಟಿಗೆ ಬರುತ್ತವೆ. ಮೂರನ್ನೂ ಒಟ್ಟಿಗೇ ಇಟ್ಟುಕೊಳ್ಳಿ. ನಾನು ಮಾಡಿದ ತಪ್ಪು ಇಲ್ಲೇ, ನಂಬರನ್ನು ಅದರಿಂದ ತೆಗೆದುಕೊಂಡು ವರ್ಷವನ್ನು ತಾರೀಖಿನಿಂದ ತಂದು ಅಂಟಿಸಿದ್ದೆ. ತಾರೀಖನ್ನು ಅಕ್ಷರವಾಗಿ ಬರೆಸುವಾಗಲೂ ಇದೇ ಎಚ್ಚರ ಬೇಕು. ಪರ್ಸೆಂಟ್ ಗುರುತಿನ ಮುಂದೆ ದೊಡ್ಡ ವಿ ಹಾಕಿದರೆ ಐಎಸ್‌ಒ ವಾರ, ಅದರ ಜೋಡಿ ದೊಡ್ಡ ಜಿ, ದೊಡ್ಡ ವೈ ಅಲ್ಲ. ದೊಡ್ಡ ಯು ಮತ್ತು ದೊಡ್ಡ ಡಬ್ಲ್ಯು ಬೇರೆಯೇ ಕ್ರಮ, ಅವುಗಳಲ್ಲಿ ವರ್ಷದ ಮೊದಲ ಭಾನುವಾರ ಅಥವಾ ಸೋಮವಾರ ಬರುವ ತನಕದ ದಿನಗಳಿಗೆ ಸೊನ್ನೆಯ ವಾರ ಅಂತ ಬರುತ್ತದೆ.

ಜಾವಾದಲ್ಲಿ ಇದರ ಉಲ್ಟಾ ತಪ್ಪು ಆಗುತ್ತದೆ. ತಾರೀಖು ಬರೆಸಲು ಸಣ್ಣ ವೈ ನಾಲ್ಕು ಸಲ ಹಾಕಬೇಕಾದ ಕಡೆ ದೊಡ್ಡ ವೈ ಹಾಕಿಬಿಡುತ್ತಾರೆ. ದೊಡ್ಡ ವೈ ಅಂದರೆ ವಾರದ ವರ್ಷ. ಹನ್ನೊಂದು ತಿಂಗಳು ಏನೂ ಗೊತ್ತಾಗುವುದಿಲ್ಲ. 2024ರ ಡಿಸೆಂಬರ್ 30ಕ್ಕೆ ಅದು "2025ರ ಡಿಸೆಂಬರ್ 30" ಅಂತ ಬರೆದು ಕೂರುತ್ತದೆ. ಬಿಲ್ಲಿನ ಮೇಲೆ ಒಂದು ವರ್ಷ ಮುಂದಿನ ತಾರೀಖು!

ಡೇಟಾಬೇಸುಗಳ ಪೈಕಿ ಮೈಎಸ್‌ಕ್ಯುಎಲ್‌ನಲ್ಲಿ ವೀಕ್ ಫಂಕ್ಷನ್ನಿಗೆ 0ಯಿಂದ 7ರ ತನಕ ಎಂಟು ಬಗೆ ಇವೆ. ಏನೂ ಹೇಳದಿದ್ದರೆ ಸರ್ವರಿನ ಸೆಟ್ಟಿಂಗ್ ಹೇಳಿದಂತೆ, ಮಾಮೂಲಾಗಿ 0. ಐಎಸ್‌ಒ ಬೇಕಾದರೆ 3. ಇನ್ನೂ ಒಳ್ಳೆಯದು ಇಯರ್‌ವೀಕ್, ಅದಕ್ಕೂ 3 ಕೊಡಿ, ವರ್ಷ ಮತ್ತು ವಾರ ಸರಿಯಾದ ಜೋಡಿಯಾಗಿ ಬರುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ವೀಕ್ ಅಂದರೆ ಐಎಸ್‌ಒ ವಾರವೇ, ಜೊತೆಗೆ ಇಯರ್ ಬದಲು ಐಸೊಇಯರ್ ಕೇಳಬೇಕು. ಜಾವಾಸ್ಕ್ರಿಪ್ಟ್‌ನ ಹಳೆಯ ಡೇಟ್‌ನಲ್ಲಿ ವಾರದ ನಂಬರ್ ಇಲ್ಲವೇ ಇಲ್ಲ, ಗುರುವಾರದ ಲೆಕ್ಕ ನೀವೇ ಬರೆಯಬೇಕು. ಅಲ್ಲಿ ಭಾನುವಾರಕ್ಕೆ 0 ಬರುತ್ತದೆ, ಅದನ್ನು ಮೊದಲು 7 ಮಾಡಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಭಾನುವಾರ ಮುಂದಿನ ವಾರಕ್ಕೆ ಜಿಗಿಯುತ್ತದೆ.

53ನೇ ವಾರ ಮತ್ತು ಕಾಲುವೆ ನೀರಿನ ಸರದಿ

ಜನವರಿ 1 ಅಥವಾ ಡಿಸೆಂಬರ್ 31, ಎರಡರಲ್ಲಿ ಒಂದು ಬೇಸ್ತವಾರ ಬಿದ್ದರೆ ಆ ವರ್ಷಕ್ಕೆ 53 ವಾರ. 2015, 2020 ಹಾಗಿದ್ದವು. 2026ರಲ್ಲಿ ಎರಡೂ ಬೇಸ್ತವಾರವೇ. ಮುಂದಿನದು 2032. ಒಟ್ಟು 400 ವರ್ಷಗಳಲ್ಲಿ 71 ವರ್ಷಕ್ಕೆ 53 ವಾರ ಬರುತ್ತವೆ, ಅಂದರೆ ಸುಮಾರು ಐದಾರು ವರ್ಷಕ್ಕೊಮ್ಮೆ. ಅಪರೂಪವಾದ್ದರಿಂದಲೇ ಪ್ರೋಗ್ರಾಂ ಬರೆಯುವವರು ಮರೆಯುತ್ತಾರೆ. ವರ್ಷಕ್ಕೆ 52 ಸಾಲು ಅಂತ ಮೊದಲೇ ಹಾಕಿಟ್ಟ ಶೀಟಿನಲ್ಲಿ 53ನೇ ವಾರಕ್ಕೆ ಜಾಗವೇ ಇರುವುದಿಲ್ಲ.

ಸಿಂಧನೂರು ಕಡೆಯ ನನ್ನ ಗೆಳೆಯರೊಬ್ಬರು ತಮ್ಮ ತೂಬಿನ ರೈತರಿಗೆ ನೀರಿನ ಸರದಿ ಪಟ್ಟಿ ಮಾಡಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಅದರಲ್ಲೂ ಕೊನೆ ಭಾಗದವರಿಗೆ ನೀರು ಮುಟ್ಟುವುದೇ ಕಷ್ಟ ಅಂತ ರಾಯಚೂರು ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರ ಪಟ್ಟಿ ಸರಳವಾಗಿತ್ತು: ಬೆಸ ಸಂಖ್ಯೆಯ ವಾರ ಮೇಲಿನ ಹೊಲಗಳಿಗೆ, ಸಮ ಸಂಖ್ಯೆಯ ವಾರ ಕೆಳಗಿನ ಹೊಲಗಳಿಗೆ. ನನಗೆ ತೋರಿಸಲು ತಂದಾಗ ನಾನು 2026ರ ಕೊನೆಗೆ ಹೋಗಿ ನೋಡೋಣ ಅಂದೆ. 2026ರ ಡಿಸೆಂಬರ್ 28ರಿಂದ 53ನೇ ವಾರ, ಬೆಸ. ಮುಂದೆ 2027ರ ಜನವರಿ 4ರಿಂದ 1ನೇ ವಾರ, ಅದೂ ಬೆಸ. ಮೇಲಿನವರಿಗೆ ಸಾಲಾಗಿ ಎರಡು ವಾರ ನೀರು, ಕೆಳಗಿನವರ ಭತ್ತಕ್ಕೆ ಎರಡು ವಾರ ಇಲ್ಲ. ಅವರು ಸ್ವಲ್ಪ ಹೊತ್ತು ಶೀಟನ್ನೇ ನೋಡುತ್ತಾ ಕೂತರು. ಅವರ ಹೊಲ ಇರುವುದೇ ಕೆಳಗೆ.

ಪರಿಹಾರ ಸುಲಭ. ವಾರದ ನಂಬರಿನಿಂದ ಸಮ-ಬೆಸ ನೋಡಬೇಡಿ. ಯಾವುದಾದರೂ ಒಂದು ಸೋಮವಾರವನ್ನು ಕಂಬ ನೆಟ್ಟ ಹಾಗೆ ಹಿಡಿದುಕೊಳ್ಳಿ, 2024ರ ಜನವರಿ 1 ಸೋಮವಾರವೇ ಇದೆ. ಬೇಕಾದ ತಾರೀಖಿನಿಂದ ಅದನ್ನು ಕಳೆದು, ಬಂದ ದಿನಗಳನ್ನು 7ರಿಂದ ಭಾಗಿಸಿ, ಶೇಷ ಬಿಡಿ. ಆ ಸಂಖ್ಯೆ ಸಮವೋ ಬೆಸವೋ ನೋಡಿ. ಇದು ವರ್ಷದ ಗಡಿಯಲ್ಲಿ ಎಡವುವುದಿಲ್ಲ, ಏಕೆಂದರೆ ಅದಕ್ಕೆ ವರ್ಷ ಅಂದರೇನು ಅಂತಲೇ ಗೊತ್ತಿಲ್ಲ. ಹಗಲು ಪಾಳಿ, ರಾತ್ರಿ ಪಾಳಿ ವಾರಕ್ಕೊಮ್ಮೆ ಬದಲಿಸುವವರೂ ಹೀಗೇ ಮಾಡಿ.

ರಾತ್ರಿ ಪಾಳಿಯ ಐದೂವರೆ ಗಂಟೆ

ಸರ್ವರ್ ಬೇರೆಲ್ಲೋ ಇದ್ದು ಯುಟಿಸಿ ಸಮಯದಲ್ಲಿ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಓಡುತ್ತಿದ್ದರೆ ಅದು ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ. ವಾಷಿಂಗ್ ಘಟಕದಲ್ಲಿ ಸೋಮವಾರ ಬೆಳಗಿನ ಜಾವ 4 ಗಂಟೆಗೆ ಹಾಕಿದ ಹಾಜರಿ ಸರ್ವರಿಗೆ ಭಾನುವಾರ ರಾತ್ರಿ ಹತ್ತೂವರೆಯದ್ದಾಗಿ ಕಾಣುತ್ತದೆ. ಹಿಂದಿನ ವಾರಕ್ಕೆ ಹೋಯಿತು. ಹಾಗಾಗಿ ಮೊದಲು ಭಾರತದ ಸಮಯಕ್ಕೆ ಬದಲಿಸಿ, ಆಮೇಲೆ ತಾರೀಖು ತೆಗೆದು, ಆಮೇಲೆ ವಾರ ಕೇಳಿ. ಈ ಕ್ರಮ ಹಿಂದುಮುಂದಾಗಬಾರದು. ಇನ್ನು ಭಾನುವಾರ ರಾತ್ರಿ ಶುರುವಾಗಿ ಸೋಮವಾರ ಬೆಳಿಗ್ಗೆ ಮುಗಿಯುವ ಪಾಳಿ ಯಾವ ವಾರದ್ದು ಅಂತ ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ. ಮಾಲೀಕರು ಮತ್ತು ಕೆಲಸದವರು ಕೂತು ಮಾತಾಡಿ ತೀರ್ಮಾನಿಸಬೇಕು. ನಮ್ಮಲ್ಲಿ ಪಾಳಿ ಶುರುವಾದ ದಿನದ ಲೆಕ್ಕ.

ಈಗ ನಾನು ಮಾಡುತ್ತಿರುವುದು

ಆ ಶನಿವಾರದ ನಂತರ ಡೇಟಾಬೇಸಿನಿಂದ ವಾರದ ನಂಬರ್ ಅನ್ನುವುದನ್ನೇ ತೆಗೆದು ಹಾಕಿದೆ. ಪ್ರತಿ ಹಾಜರಿಯ ಜೊತೆ ಆ ವಾರದ ಸೋಮವಾರದ ತಾರೀಖು ಇಡುತ್ತೇನೆ. 2024ರ ಡಿಸೆಂಬರ್ 30ರಿಂದ 2025ರ ಜನವರಿ 5ರ ತನಕದ ಎಲ್ಲ ದಿನಕ್ಕೂ ಒಂದೇ ಗುರುತು, 2024-12-30. ತಾರೀಖಿನಿಂದ ಅದರ ದಿನದ ಸಂಖ್ಯೆ ಕಳೆದು ಒಂದು ಕೂಡಿಸಿದರೆ ಸೋಮವಾರ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಡೇಟ್‌ಟ್ರಂಕ್‌ಗೆ ವೀಕ್ ಅಂತ ಹೇಳಿದರೆ ಅದೇ ಕೊಡುತ್ತದೆ. ವಿಂಗಡಿಸುವುದು, ಕೂಡಿಸುವುದು, ಹಿಂದಿನ ವಾರಕ್ಕೆ ಹೋಗುವುದು ಎಲ್ಲಾ ಇದರಲ್ಲಿ ಸಲೀಸು. ಏಳು ದಿನ ಕಳೆದರೆ ಹಿಂದಿನ ವಾರ, ಅಷ್ಟೇ.

ಒಂದು ವಾರದ ಹಾಜರಿ ಹುಡುಕುವಾಗ "ಸೋಮವಾರದಿಂದ ಹಿಡಿದು, ಮುಂದಿನ ಸೋಮವಾರಕ್ಕಿಂತ ಮೊದಲು" ಅಂತ ಬರೆಯಿರಿ. "ಭಾನುವಾರದ ತನಕ" ಅಂತ ಬರೆದರೆ ಭಾನುವಾರ ಮಧ್ಯರಾತ್ರಿಯ ಮೊದಲ ಕ್ಷಣಕ್ಕೇ ನಿಂತು, ಆ ದಿನದ ಹಾಜರಿಯೆಲ್ಲ ಹೊರಗುಳಿಯಬಹುದು. ನಾವು ಎಂಟು ದಿನ ಅಂತ ಎಣಿಸುತ್ತೇವಲ್ಲ, ಆ ಎಂಟನೇ ದಿನವನ್ನು ಗಡಿಯಾಗಿ ಇಟ್ಟು ಅದನ್ನು ಸೇರಿಸದೆ ಬಿಡುವುದು.

ಹೊರಗಿನವರು ನಂಬರ್ ಕೇಳಿದಾಗ ಮಾತ್ರ, ಕಳಿಸುವ ಹೊತ್ತಿಗೆ ಲೆಕ್ಕ ಹಾಕಿ ಕೊಡಿ. ವರ್ಷ, ಅಡ್ಡಗೆರೆ, ದೊಡ್ಡ ಡಬ್ಲ್ಯು, ಎರಡಂಕಿಯ ವಾರ, ಇದು ಐಎಸ್‌ಒ ಬರೆಯುವ ರೀತಿ. ಒಂದನೇ ವಾರಕ್ಕೆ 01 ಅಂತಲೇ ಬರೆಯಿರಿ, ಬರೀ 1 ಬರೆದರೆ ವಿಂಗಡಿಸುವಾಗ 10ನೇ ವಾರ 2ನೇ ವಾರಕ್ಕಿಂತ ಮೊದಲು ಬರುತ್ತದೆ.

ಹೊಸ ಪ್ರೋಗ್ರಾಂ ಕೈಗೆ ಬಂದರೆ ನಾನು ಮೊದಲು ಈ ತಾರೀಖುಗಳನ್ನು ಹಾಕಿ ನೋಡುತ್ತೇನೆ. 2024ರ ಡಿಸೆಂಬರ್ 29 ಭಾನುವಾರ, 2024ರ 52ನೇ ವಾರ ಬರಬೇಕು. ಮರುದಿನ 30ಕ್ಕೆ 2025ರ 1. 2026ರ ಜನವರಿ 1ಕ್ಕೆ 2026ರ 1. 2027ರ ಜನವರಿ 1ಕ್ಕೆ 2026ರ 53, ಮತ್ತು ಜನವರಿ 4ಕ್ಕೆ 2027ರ 1. ಐದೂ ಸರಿ ಬಂದರೆ ಮಾತ್ರ ಬಟವಾಡೆಗೆ ಬಿಡುತ್ತೇನೆ.

ಚೀಟಿಯಲ್ಲೂ ಬದಲಾವಣೆ ಮಾಡಿದ್ದೇನೆ. ಮೊದಲು "ವಾರ: 01" ಅಂತ ಬರುತ್ತಿತ್ತು, ಅದನ್ನು ಓದಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಈಗ ಸೋಮ, ಮಂಗಳ, ಬುಧ, ಬೇಸ್ತ, ಶುಕ್ರ, ಶನಿ ಅಂತ ಆರು ಮನೆ, ಒಂದೊಂದರ ಕೆಳಗೆ ತಾರೀಖು, ಅದರ ಕೆಳಗೆ ಅವತ್ತಿನ ಕೂಲಿ. ಆ ಅಕ್ಕ ಈಗ ಚೀಟಿ ಕೈಗೆ ಬಂದ ಕೂಡಲೇ ಬೆರಳಿಟ್ಟು ಆರೂ ಮನೆ ಎಣಿಸಿಕೊಂಡೇ ಸಹಿ ಹಾಕುತ್ತಾರೆ.